ಬೋರ್ಡೋ: ಗರಸಿನ ದಡ, ಜೇಡಿಯ ದಡ

ಫ್ರಾನ್ಸಿನ ನೈರುತ್ಯದಲ್ಲಿ ಗರೋನ್ ಮತ್ತು ಡೋರ್ಡೋನ್ ನದಿಗಳು ಕೂಡಿ, ಜಿರೋಂಡ್ ಅಳಿವೆಯಾಗಿ ಅಟ್ಲಾಂಟಿಕ್ ಸೇರುತ್ತವೆ. ಬೋರ್ಡೋ ವೈನ್ ಸೀಮೆ ಹರಡಿರುವುದು ಈ ನೀರಿನ ಇಕ್ಕೆಲಗಳಲ್ಲಿ. ಕಡಲು ಹತ್ತಿರವಿರುವುದರಿಂದ ಚಳಿಗಾಲ ತೀರಾ ಕೊರೆಯುವುದಿಲ್ಲ. ಪಶ್ಚಿಮದ ಲಾಂಡ್ ಪೈನ್ ಕಾಡು ಕಡಲಗಾಳಿಯನ್ನು ಅಷ್ಟಿಷ್ಟು ತಡೆಯುತ್ತದೆ. ಭಯವೆಲ್ಲ ಮಳೆಯದು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಹಣ್ಣು ನೀರು ಕುಡಿದು ಸಪ್ಪೆಯಾಗುತ್ತದೆ, ಗೊಂಚಲು ಕೊಳೆಯುತ್ತದೆ. ಹಾಗಾಗಿ ಇಲ್ಲಿ ಒಳ್ಳೆಯ ನೆಲವೆಂದರೆ ಫಲವತ್ತಾದ ನೆಲವಲ್ಲ, ಬಳ್ಳಿಗೆ ನೀರನ್ನು ಅಳತೆಯಲ್ಲಿ ಕೊಡುವ ನೆಲ.

ಎಡದಂಡೆಯ ಮೆಡಾಕ್‌ನಲ್ಲಿ ಆ ಕೆಲಸ ಗರಸಿನದು. ಪ್ರಾಚೀನ ನದಿಗಳು ಹೊತ್ತು ತಂದ ಬೆಣಚುಕಲ್ಲುಗಳು ಇಲ್ಲಿ ದಿಬ್ಬಗಳಾಗಿ ಕೂತಿವೆ. ಸುತ್ತಲಿನ ಜೌಗನ್ನು 17ನೇ ಶತಮಾನದಲ್ಲಿ ಡಚ್ಚರು ಬಸಿಗಾಲುವೆ ತೋಡಿ ಒಣಗಿಸಿದರು. ಗರಸಿನಲ್ಲಿ ಮಳೆನೀರು ನಿಲ್ಲದೆ ಇಳಿಯುತ್ತದೆ, ನೆಲ ಬೇಗ ಬೆಚ್ಚಗಾಗುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೋವಿನ್ಯೋನ್ ತಳಿಗೆ ಬೇಕಾದದ್ದು ಇದೇ. 1855ರ ಪ್ರಸಿದ್ಧ ಶ್ರೇಣಿಪಟ್ಟಿಯ ಕೆಂಪು ವೈನ್‌ಗಳಲ್ಲಿ ಒ-ಬ್ರಿಯೋನ್ ಒಂದನ್ನು ಬಿಟ್ಟು ಉಳಿದವೆಲ್ಲ ಮೆಡಾಕ್‌ನವು. ಒ-ಬ್ರಿಯೋನ್ ತೋಟವೂ ಗರಸಿನ ಮೇಲೆಯೇ ಇದೆ.

ಬಲದಂಡೆಯ ಪೊಮೆರೋಲ್‌ನಲ್ಲಿ ಜೇಡಿಮಣ್ಣು ಹೆಚ್ಚು. ತಂಪು ಹಿಡಿದಿಡುವ ಈ ಮಣ್ಣಿನಲ್ಲಿ ಕ್ಯಾಬರ್ನೆ ಹಣ್ಣಾಗಲು ಒದ್ದಾಡುತ್ತದೆ. ಬೇಗ ಮಾಗುವ ಮೆರ್ಲೋ ನೆಮ್ಮದಿಯಾಗಿರುತ್ತದೆ. ಜೇಡಿಯಲ್ಲಿ ನೀರು ನಿಂತು ಬೇರು ಕೆಡಬೇಕಲ್ಲವೇ? ಹೆಚ್ಚುಕಡಿಮೆ ಬರೀ ಮೆರ್ಲೋ ಬೆಳೆಯುವ ಪೆಟ್ರುಸ್ ತೋಟದ ನೀಲಿ ಜೇಡಿ ಇದಕ್ಕೆ ಉತ್ತರ. ಒಮ್ಮೆ ನೆನೆದರೆ ಅದು ಉಬ್ಬಿ ಬಿಗಿಯಾಗುತ್ತದೆ. ಆಮೇಲೆ ಸುರಿದ ಮಳೆ ಒಳಗಿಳಿಯದೆ ಮೇಲೆಯೇ ಹರಿದುಹೋಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಹಿಡಿದಿಟ್ಟ ತೇವವನ್ನು ಬಳ್ಳಿಗೆ ಜಿನುಗಿಸುತ್ತದೆ.

ಕಲ್ಲಿನ ರುಚಿ ಬೇರಿನ ಮೂಲಕ ಏರಿ ವೈನಿಗೆ ಬರುತ್ತದೆ ಎಂಬ ಮಾತು ಜನಪ್ರಿಯ, ಆದರೆ ಆಧಾರವಿಲ್ಲದ್ದು. ಮೆಡಾಕ್ ಮಣ್ಣನ್ನು ಅಧ್ಯಯನ ಮಾಡಿದ ಬೋರ್ಡೋ ವಿಶ್ವವಿದ್ಯಾಲಯದ ಜೆರಾರ್ ಸೆಗ್ಯಾನ್ ಎತ್ತಿ ತೋರಿಸಿದ್ದು ಮಣ್ಣಿನ ರಾಸಾಯನಿಕ ಗುಣಕ್ಕಿಂತ ಅದು ನೀರನ್ನು ನಡೆಸಿಕೊಳ್ಳುವ ರೀತಿಯನ್ನು.

ದಕ್ಷಿಣದ ಸೊಟೆರ್ನ್‌ನಲ್ಲಿ ಮಾತ್ರ ತೇವವೇ ವರ. ತಣ್ಣನೆಯ ಸಿರೋನ್ ಹೊಳೆ ಬೆಚ್ಚನೆಯ ಗರೋನ್ ಸೇರುವಲ್ಲಿ ಶರತ್ಕಾಲದ ಮುಂಜಾನೆ ಮಂಜು ಏಳುತ್ತದೆ. ಆ ಮಂಜಿನಲ್ಲಿ ಬೋಟ್ರೈಟಿಸ್ ಬೂಷ್ಟು ಹಣ್ಣಿಗೆ ಹತ್ತುತ್ತದೆ. ಮಧ್ಯಾಹ್ನದ ಬಿಸಿಲು ಬಂದರೆ ಹಣ್ಣು ಕೊಳೆಯದೆ ಸುಕ್ಕಾಗುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ. ಬೂಷ್ಟು ಹತ್ತಿದ ಕಾಳುಗಳನ್ನೇ ಆರಿಸಿ, ಒಂದೇ ಸಾಲನ್ನು ಹಲವು ಸಲ ಕೊಯ್ಯುತ್ತಾರೆ. ಹವೆ ಕೈಕೊಟ್ಟ 2012ರಲ್ಲಿ ಇಲ್ಲಿನ ಶಾತೋ ದೀಕೆಮ್ ತೋಟ ತನ್ನ ಹೆಸರಿನ ಸಿಹಿ ವೈನನ್ನು ಹೊರತರಲೇ ಇಲ್ಲ.