ಒಬ್ಬ ನಾಯಿಕೆ, ಐವರು ನಾಯಕರು: ಕುಮಾರವ್ಯಾಸನಲ್ಲಿ ಕಥನದ ಗತಿ ಮತ್ತು ಪಾತ್ರವಿಕಾಸ

೧

ಇತ್ತೀಚಿನ ವರ್ಷಗಳಲ್ಲಿ ಇಂಗ್ಲಿಷಿನ ಜನಪ್ರಿಯ ಕಾದಂಬರಿಗಳಲ್ಲಿ 'ಡಾರ್ಕ್ ರಿವರ್ಸ್ ಹ್ಯಾರೆಮ್' ಎಂಬುದೊಂದು ವರ್ಗವು ಬೆಳೆದುನಿಂತಿದೆ. ಒಬ್ಬಳೇ ನಾಯಿಕೆ, ಆಕೆಯನ್ನು ಬಯಸುವ ಮೂವರೋ ನಾಲ್ವರೋ ನಾಯಕರು; ಅವರಲ್ಲಿ ಒಬ್ಬನನ್ನು ಆರಿಸಿ ಉಳಿದವರನ್ನು ಬಿಡಬೇಕೆಂಬ ನಿರ್ಬಂಧವಿಲ್ಲ; ಕಥೆಯ ವಾತಾವರಣದಲ್ಲಿ ಹಿಂಸೆ, ಬಲಾತ್ಕಾರ, ಪ್ರತೀಕಾರಗಳ ಕರಾಳಛಾಯೆ: ಇವು ಈ ವರ್ಗದ ಸಾಮಾನ್ಯ ಲಕ್ಷಣಗಳು. ಇಂತಹ ರಚನೆಗಳಲ್ಲಿ ಎರಡು ತೊಡಕುಗಳು ತಲೆದೋರುತ್ತವೆ. ನಾಯಕರೆಲ್ಲರಿಗೂ ಸಮಾನವಾಗಿ ಸ್ಥಳವನ್ನು ಹಂಚಹೊರಟರೆ ಕಥೆಯ ಗತಿಯು ಕುಂಟುತ್ತದೆ. ಹಂಚದಿದ್ದರೆ ಕೆಲವರು ಬರಿಯ ಹೆಸರುಗಳಾಗಿ ಉಳಿಯುತ್ತಾರೆ. ಎರಡನೆಯದು ಇದಕ್ಕಿಂತಲೂ ಗುರುತರವಾದುದು: ಎಲ್ಲರ ಬಯಕೆಗೂ ಕೇಂದ್ರವಾದ ನಾಯಿಕೆಯು ಸ್ವತಃ ವ್ಯಕ್ತಿಯಾಗಿ ಬೆಳೆಯುವಳೆ, ಅಥವಾ ಪಣವಾಗಿಯೇ ನಿಲ್ಲುವಳೆ?

ಈ ಪ್ರಶ್ನೆಯು ಕನ್ನಡಕ್ಕೆ ಹೊಸದಲ್ಲ. ದ್ರೌಪದಿಯ ಕಥೆಯನ್ನು ಹೇಳಹೊರಟ ನಮ್ಮ ಕವಿಗಳೆಲ್ಲರೂ ಇದನ್ನು ಎದುರಿಸಲೇಬೇಕಾಯಿತು. ಇದಕ್ಕೆ ಪರಸ್ಪರ ವಿರುದ್ಧವಾದ ಉತ್ತರಗಳನ್ನಿತ್ತ ಇಬ್ಬರು ಮಹಾಕವಿಗಳಿಗೂ ಬೆಳ್ವೊಲ ಸೀಮೆಯ ನಂಟಿರುವುದು ಗಮನಾರ್ಹ. ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಜಿನವಲ್ಲಭನ ಶಾಸನವು ತಿಳಿಸುತ್ತದೆ. ಕುಮಾರವ್ಯಾಸನು ಕೋಳಿವಾಡದವನು, ಗದುಗಿನ ವೀರನಾರಾಯಣನ ಅಂಕಿತದಲ್ಲಿ ಕಾವ್ಯವನ್ನು ರಚಿಸಿದವನು. ೧೦೧೨ರ ಶಾಸನದಲ್ಲಿ ವಿದ್ಯಾದಾನದ ಅಗ್ರಹಾರವಾಗಿ ಕಾಣಿಸಿಕೊಳ್ಳುವ ಕೋಟುಮಚಗಿಯೂ ಇದೇ ಸೀಮೆಯದು.

೨

ಪಂಪನು ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ (೯೪೧) ದ್ರೌಪದಿಯನ್ನು ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದನು. ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಕವಿಗೆ ಇದು ಅನಿವಾರ್ಯವೇ ಆಗಿತ್ತು. ಇದರಿಂದ ಕಥೆಗೆ ಏಕಮುಖತೆಯು ಲಭಿಸಿತು, ಗತಿಯು ಸರಳವಾಯಿತು. ಆದರೆ ಒಂದು ತೊಡಕು ಹಾಗೆಯೇ ಉಳಿಯಿತು. ದುಶ್ಶಾಸನನನ್ನು ಕೊಂದು ದ್ರೌಪದಿಯ ಮುಡಿಯನ್ನು ಕಟ್ಟಿಸುವ ಕಾರ್ಯವು ಪಂಪನಲ್ಲಿಯೂ ಭೀಮನದೇ. ಪತಿಯು ಒಬ್ಬನು, ಅವಮಾನಕ್ಕೆ ಸೇಡು ತೀರಿಸುವವನು ಇನ್ನೊಬ್ಬನು ಎಂಬ ಈ ಒಡಕನ್ನು ಸಹೃದಯನು ಕಾಣದಿರಲಾರನು. ಸಂಬಂಧವನ್ನು ಅಳಿಸಿದರೂ ಅದರ ಭಾವವನ್ನು ಅಳಿಸಲು ಕಥೆಯು ಒಪ್ಪಲಿಲ್ಲವೆಂದೇ ಹೇಳಬೇಕು.

೩

ಕುಮಾರವ್ಯಾಸನಾದರೋ ಐವರನ್ನೂ ಉಳಿಸಿಕೊಂಡನು. ಆದರೆ ಐವರಿಗೂ ಸಮಪಾಲನ್ನು ಕೊಡುವ ಗೋಜಿಗೆ ಆತನು ಹೋಗಲಿಲ್ಲ. ದಾಂಪತ್ಯದಲ್ಲಿ ಸರದಿಯ ನಿಯಮವಿದೆ. ಅದನ್ನು ಮುರಿದ ಅರ್ಜುನನು ತೀರ್ಥಯಾತ್ರೆಗೆ ಹೊರಡುತ್ತಾನೆ. ಕಥನದಲ್ಲಿ ಮಾತ್ರ ಸರದಿಯಿಲ್ಲ. ನಾಯಿಕೆಯ ಸಂಕಟವು ಯಾರನ್ನು ಕರೆಯುವುದೋ ಅವನೇ ಮುಂದಕ್ಕೆ ಬರುತ್ತಾನೆ. ಈ ತಂತ್ರದ ಪರಮೋತ್ಕರ್ಷವನ್ನು ವಿರಾಟಪರ್ವದ ಕೀಚಕಪ್ರಸಂಗದಲ್ಲಿ ಕಾಣಬಹುದು.

ಅಜ್ಞಾತವಾಸದ ತಿಂಗಳುಗಳು ಅಲ್ಲಿ ಬೇಗನೆ ಸರಿದುಹೋಗುತ್ತವೆ. ಒಂದು ರಾತ್ರಿಯ ಬಳಿಗೆ ಬಂದಾಗ ಕವಿಯ ನಡೆಯು ನಿಧಾನವಾಗುತ್ತದೆ. ತುಂಬಿದ ಓಲಗದಲ್ಲಿ ಕೀಚಕನು ಸೈರಂಧ್ರಿಯನ್ನು ಒದೆಯುತ್ತಾನೆ. ಕಂಕನ ವೇಷದ ಧರ್ಮರಾಯನು ತಾಳ್ಮೆಯನ್ನು ಬೋಧಿಸುತ್ತಾನೆ. ಇರುಳಿನಲ್ಲಿ ಆಕೆಯು ಒಬ್ಬಳೇ ಕುಳಿತು ಪತಿಗಳನ್ನು ತೂಗಿನೋಡುತ್ತಾಳೆ. ಅರ್ಜುನನಿಗೆ ಹೇಳಿದರೆ ಮಾತು ಅಣ್ಣನ ಕಿವಿಗೆ ಮುಟ್ಟುತ್ತದೆ, ನಕುಲ ಸಹದೇವರಿಂದ ಈ ಕಾರ್ಯವು ಸಾಧ್ಯವಿಲ್ಲ, ಭೀಮನೊಬ್ಬನೇ ಗತಿ. ಇಲ್ಲಿ ಆರಿಸುವವಳು ಆಕೆ. ಸ್ವಯಂವರದಲ್ಲಿ ಬಿಲ್ಲುಗಾರಿಕೆಯು ಆರಿಸಿತ್ತು. ಅನಂತರ ಅತ್ತೆಯ ಮಾತು ನಿರ್ಣಯಿಸಿತ್ತು. ದ್ಯೂತದಲ್ಲಿ ಪತಿಯೇ ಪಣವಾಗಿ ಒಡ್ಡಿದ್ದನು. ವಿರಾಟನಗರದ ಈ ಕತ್ತಲೆಯಲ್ಲಿ ಐವರಲ್ಲಿ ಒಬ್ಬನನ್ನು ತನ್ನ ವಿವೇಚನೆಯಿಂದಲೇ ಆರಿಸಿಕೊಂಡು ಆಕೆಯು ಅಡುಗೆಮನೆಯ ಕಡೆಗೆ ನಡೆಯುತ್ತಾಳೆ. ಪಾತ್ರವು ಬೆಳೆದುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಕಿಲ್ಲ.

ಎಬ್ಬಿಸಿದೊಡನೆ ಭೀಮನು ಗದೆಯನ್ನು ಹಿಡಿದು ಓಡುವುದಿಲ್ಲ. ಅಣ್ಣನ ಆಜ್ಞೆಯನ್ನೂ ಉಳಿದ ಪತಿಗಳನ್ನೂ ಮುಂದಿಟ್ಟು ಮೊದಲು ಹಿಂದೆಗೆಯುತ್ತಾನೆ. ಗಂಡ ಎಂಬ ಶಬ್ದಕ್ಕಿರುವ ಪತಿ, ವೀರ ಎಂಬ ಎರಡು ಅರ್ಥಗಳನ್ನೂ ಆಕೆಯು ಆಗ ಅವನೆದುರಿಗೆ ಹಿಡಿದು, ಐವರಿದ್ದೂ ಒಬ್ಬಳನ್ನು ಕಾಯಲಾರದ ಗಂಡಸುತನವನ್ನು ಪ್ರಶ್ನಿಸುತ್ತಾಳೆ. ಕಥೆಯ ಗತಿಯನ್ನು ಇಲ್ಲಿ ತಡೆದುದೇ ಪಾತ್ರವನ್ನು ಬಿಡಿಸುವ ಸಲುವಾಗಿ. ಭೀಮನೊಳಗೆ ಅಡಗಿದ್ದ ನೋವೂ ದ್ರೌಪದಿಯ ಒಂಟಿತನವೂ ಈ ತಡೆಯಲ್ಲಿಯೇ ಹೊರಬೀಳುತ್ತವೆ. ಅನಂತರ ನಾಟ್ಯಶಾಲೆಯ ವಧೆಯು ವೇಗವಾಗಿ ಸಾಗುತ್ತದೆ, ಸಾಗಲೇಬೇಕು.

೪

ಕರಾಳಪ್ರಣಯದ ಕಾದಂಬರಿಗಳಿಗೂ ಇದಕ್ಕೂ ಇರುವ ಮುಖ್ಯ ಭೇದವನ್ನು ಈಗ ಹೇಳಬಹುದು. ಅಲ್ಲಿ ಹಿಂಸೆಯು ಅನೇಕ ವೇಳೆ ನಾಯಕನ ಆಕರ್ಷಣೆಯ ಒಂದು ಅಂಗವಾಗಿಬಿಡುತ್ತದೆ. ಹಿಂಸಿಸಿದವನೇ ಕಡೆಗೆ ಪ್ರಿಯನಾಗುತ್ತಾನೆ. ಕುಮಾರವ್ಯಾಸನು ಬಲಾತ್ಕಾರಕ್ಕೆ ಕೈಯಿಕ್ಕಿದವನನ್ನು ಪ್ರಣಯಿಯ ಮಟ್ಟಕ್ಕೆ ಏರಿಸುವುದಿಲ್ಲ. ಕೀಚಕನ ವಿರಹವನ್ನು ವಿಸ್ತಾರವಾಗಿ ಬಣ್ಣಿಸಿಯೂ ಅವನ ಪರವಾಗಿ ನಮ್ಮ ಮನಸ್ಸು ಕರಗದಂತೆ ನೋಡಿಕೊಳ್ಳುತ್ತಾನೆ. ಮಾತ್ರವಲ್ಲ, ಜೂಜಾಡಿದ ಪತಿಯ ತಪ್ಪನ್ನು ಪ್ರೀತಿಯ ಹೆಸರಿನಲ್ಲಿ ಮರೆಸುವುದೂ ಇಲ್ಲ.

ಆದರೂ ಕವಿಯ ಸಾಧನೆಗೆ ಮಿತಿಯಿಲ್ಲವೆನ್ನಲಾಗದು. ನಕುಲ ಸಹದೇವರು ದ್ರೌಪದಿಯ ಪತಿಗಳಾಗಿ ನಮ್ಮ ಕಣ್ಣಿಗೆ ಕಟ್ಟುವುದಿಲ್ಲ. ಐವರೊಡನೆ ಬಾಳುವ ಹೆಣ್ಣಿನ ದಿನದಿನದ ಮನಸ್ಸು, ಅಸೂಯೆ, ಆಯಾಸಗಳು ಕಾವ್ಯದ ಹೊರಗೇ ಉಳಿದುವು. ಅವುಗಳಿಗೆ ಎಡೆ ದೊರೆತುದು ಎಸ್. ಎಲ್. ಭೈರಪ್ಪನವರ 'ಪರ್ವ'ದಲ್ಲಿ (೧೯೭೯). ಯುದ್ಧದ ಅಂಚಿನಲ್ಲಿ ನಿಂತ ದ್ರೌಪದಿಯ ನೆನಪುಗಳ ಮೂಲಕ ಕಥೆಯನ್ನು ಹಿಂದಕ್ಕೆ ನಡೆಸುವ ಆ ಕಾದಂಬರಿಯಲ್ಲಿ ಗತಿಯನ್ನು ನಿರ್ಣಯಿಸುವುದು ಘಟನೆಯಲ್ಲ, ಸ್ಮೃತಿ. ಕುಮಾರವ್ಯಾಸನಲ್ಲಿ ಒಂದು ರಾತ್ರಿಗೆ ಸೀಮಿತವಾಗಿದ್ದ ತೂಗಾಟವು ಅಲ್ಲಿ ಒಂದು ಆಯುಷ್ಯದ ಲೆಕ್ಕವಾಗುತ್ತದೆ.

ಅನೇಕನಾಯಕ ಕಥನದಲ್ಲಿ ಗತಿಯ ಪ್ರಶ್ನೆಯೂ ಪಾತ್ರದ ಪ್ರಶ್ನೆಯೂ ಬೇರೆಬೇರೆಯಲ್ಲವೆಂದು ಇದರಿಂದ ತಿಳಿಯುತ್ತದೆ. ಕಥೆಯು ಎಲ್ಲಿ ನಿಲ್ಲುವುದೆಂಬುದನ್ನು ನಾಯಕರ ಸಂಖ್ಯೆಯು ನಿರ್ಣಯಿಸಿದರೆ ನಾಯಿಕೆಯು ಪಣವಾಗುತ್ತಾಳೆ. ನಾಯಿಕೆಯ ಸಂಕಲ್ಪವು ನಿರ್ಣಯಿಸಿದರೆ ಆಕೆಯೂ ಬೆಳೆಯುತ್ತಾಳೆ, ಆಕೆಯ ಮುಂದೆ ನಿಂತ ನಾಯಕನೂ ಬೆಳೆಯುತ್ತಾನೆ. ಇಂದಿನ ಜನಪ್ರಿಯ ಕಾದಂಬರಿಗಳನ್ನು ತರಗತಿಯಲ್ಲಿ ಹಗುರವಾಗಿ ತಳ್ಳಿಹಾಕುವುದಕ್ಕೆ ಮೊದಲು ಈ ಅಳತೆಗೋಲಿನಿಂದ ಅವುಗಳನ್ನು ಪರೀಕ್ಷಿಸುವುದು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಉಪಯುಕ್ತವಾಗಬಹುದು.