ಕೈ ಬಿಟ್ಟ ಕ್ಷಣ

ಬೇಸ್‌ಬಾಲ್‌ನಲ್ಲಿ ಫೀಲ್ಡರ್ ಎಸೆದ ಚೆಂಡು ದಿಕ್ಕು ತಪ್ಪಿ ಡಗ್‌ಔಟ್‌ಗೆ ನುಗ್ಗಿತೆನ್ನಿ. ಎಲ್ಲರ ನೋಟ ಚೆಂಡಿನ ಬೆನ್ನು ಹತ್ತುತ್ತದೆ. ಅಂಪೈರ್ ಮಾತ್ರ ನೋಡಬೇಕಾದ್ದನ್ನು ಆಗಲೇ ನೋಡಿ ಮುಗಿಸಿರುತ್ತಾರೆ. ಕೈಗಳೆರಡನ್ನೂ ಮೇಲೆತ್ತಿ ಆಟ ನಿಲ್ಲಿಸಿ, ಓಟಗಾರರಿಗೆ ಎರಡೆರಡು ಬೇಸ್ ಕೊಡುತ್ತಾರೆ. ಎಲ್ಲಿಂದ ಎಣಿಸುವುದು? ಅಸಲು ಕಸುಬು ಇರುವುದು ಅಲ್ಲೇ. ಇನ್‌ಫೀಲ್ಡರ್‌ನ ಮೊದಲ ಯತ್ನವೇ ತಪ್ಪಿದ್ದರೆ, ಸಾಮಾನ್ಯವಾಗಿ ಪಿಚರ್ ಚೆಂಡು ಹಾಕಿದಾಗ ಅವರಿದ್ದ ಬೇಸ್‌ನಿಂದ. ಔಟ್‌ಫೀಲ್ಡರ್ ಎಸೆದದ್ದಾದರೆ, ಚೆಂಡು ಕೈ ಬಿಟ್ಟ ಕ್ಷಣದಿಂದ. ಅದು ಗೆರೆ ದಾಟಿದ ಹೊತ್ತು ಲೆಕ್ಕಕ್ಕೇ ಇಲ್ಲ! ಆ ಕ್ಷಣಕ್ಕೆ ಎರಡನೇ ಬೇಸ್ ಮುಟ್ಟಿದ್ದವನು ಸೀದಾ ಹೋಮ್‌ಗೆ. ಒಂದೇ ಹೆಜ್ಜೆ ಹಿಂದಿದ್ದರೂ ಮೂರನೆಯದಕ್ಕಷ್ಟೇ. ಓಡುವವರು ಮೂವರು, ಎಸೆಯುವ ಕೈ ಒಂದು. ಎಲ್ಲವನ್ನೂ ಒಂದೇ ನೋಟದಲ್ಲಿ ಹಿಡಿದು, ಬೆರಳು ತೋರಿಸಿ ಒಬ್ಬೊಬ್ಬರನ್ನೂ ಅವರವರ ಜಾಗಕ್ಕೆ ಕಳಿಸುವ ಆ ಗತ್ತಿಗೆ ಶರಣೆನ್ನಲೇಬೇಕು.