ಗೋಡೆ ಯಾರದು?

ಕಂಪ್ಯೂಟರಿನ ವಾಲ್‌ಪೇಪರ್ ಬದಲಿಸುವುದನ್ನು ಬಲ್ಲವರು ಶೋಕಿಯ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಚಿತ್ರ ಬದಲಾದ ಮಾತ್ರಕ್ಕೆ ಯಂತ್ರದ ವೇಗ ಹೆಚ್ಚುವುದಿಲ್ಲ, ಫೈಲು ಬೇಗ ತೆರೆಯುವುದಿಲ್ಲ, ತಪ್ಪಿದ ಲೆಕ್ಕ ಸರಿಹೋಗುವುದೂ ಇಲ್ಲ. ಒಪ್ಪೋಣ. ಆದರೆ ಈ ಶೋಕಿಯನ್ನು ನಮಗಿಂತ ಗಂಭೀರವಾಗಿ ತೆಗೆದುಕೊಂಡವರು ತಂತ್ರಾಂಶ ಮಾರುವವರೇ. 2009ರಲ್ಲಿ ಬಂದ ವಿಂಡೋಸ್ 7ರ ಸ್ಟಾರ್ಟರ್ ಆವೃತ್ತಿಯನ್ನೇ ನೋಡಿ. ಅಗ್ಗದ ಪುಟ್ಟ ನೆಟ್‌ಬುಕ್‌ಗಳಿಗೆ ಹಾಕಿಕೊಡುತ್ತಿದ್ದ ಇದರಲ್ಲಿ ಒಮ್ಮೆಗೆ ಮೂರೇ ಪ್ರೋಗ್ರಾಂ ತೆರೆಯಬಹುದೆಂಬ ಕಟ್ಟಳೆ ಇರಬೇಕಿತ್ತು. ಟೀಕೆ ಕೇಳಿಬಂತು, ಬಿಡುಗಡೆಗೆ ಮೊದಲೇ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಕೈಬಿಡದೆ ಉಳಿಸಿಕೊಂಡ ಕಟ್ಟಳೆ ಇನ್ನೊಂದು: ವಾಲ್‌ಪೇಪರ್ ಬದಲಿಸುವಂತಿಲ್ಲ. ಬೇಕಿದ್ದವರು ಇನ್ನಷ್ಟು ಹಣ ತೆತ್ತು ಮೇಲಿನ ಆವೃತ್ತಿ ಕೊಳ್ಳಬೇಕು. 1990ರ ವಿಂಡೋಸ್ 3.0ದಲ್ಲೇ ಇದ್ದ ಸೌಲಭ್ಯ ಅದು. ಕೊಡುವುದಕ್ಕೆ ಖರ್ಚಿರಲಿಲ್ಲ, ತಡೆಯುವುದಕ್ಕೇ ಕೆಲಸ ಹಿಡಿಯುತ್ತಿತ್ತು. ಮೂರು ಪ್ರೋಗ್ರಾಂಗಳ ಮಿತಿಗಿಂತ ಒಂದು ಚಿತ್ರದ ಮಿತಿ ಹೆಚ್ಚು ಬೆಲೆಬಾಳುತ್ತದೆಂದು ಅವರು ಎಣಿಸಿದ್ದು ಏಕೆ? ಯಾವ ಉಪಯೋಗಕ್ಕೂ ಬಾರದ ಜಾಗದಲ್ಲೇ ಒಡೆತನ ಕಣ್ಣಿಗೆ ಕಾಣುವುದು ಎಂಬುದು ನನ್ನ ವಾದ. ಉಳಿದ ಕಡೆಯೆಲ್ಲ ಯಂತ್ರದ ರೀತಿಗೆ ನಾವು ಹೊಂದಿಕೊಳ್ಳುತ್ತೇವೆ. ಇಲ್ಲಿ ಮಾತ್ರ ಯಾರಿಗೂ ಕಾರಣ ಕೊಡದೆ ನಮ್ಮಿಷ್ಟ ನಡೆಸಬಹುದು.

ಅದಕ್ಕೂ ಹಿಂದಿನ ವರ್ಷ ಇದೇ ಕಂಪನಿ ಇನ್ನೂ ನೇರವಾದ ಸಾಕ್ಷ್ಯ ಒದಗಿಸಿತ್ತು. ನಕಲಿ ವಿಂಡೋಸ್ ಎಕ್ಸ್‌ಪಿಯನ್ನು ಪತ್ತೆಹಚ್ಚಲೆಂದು 2008ರಲ್ಲಿ ಬಿಟ್ಟ ಅಪ್‌ಡೇಟ್, ಸಿಕ್ಕಿಬಿದ್ದ ಕಂಪ್ಯೂಟರಿನ ಹಿನ್ನೆಲೆಯನ್ನು ಕಪ್ಪಾಗಿಸುತ್ತಿತ್ತು. ಯಂತ್ರ ನಿಲ್ಲುತ್ತಿರಲಿಲ್ಲ, ಫೈಲುಗಳಿಗೆ ಏನೂ ಆಗುತ್ತಿರಲಿಲ್ಲ. ಬಳಕೆದಾರ ತನ್ನ ಚಿತ್ರವನ್ನು ಮತ್ತೆ ಹಾಕಿಕೊಳ್ಳಬಹುದಿತ್ತು. ಒಂದು ಗಂಟೆ ಕಳೆದರೆ ಪುನಃ ಕಪ್ಪು. ಚೀನಾದಲ್ಲಿ ಇದರ ವಿರುದ್ಧ ದೊಡ್ಡ ಗದ್ದಲವೇ ಎದ್ದಿತು. ಕಾಸು ಕೊಡದೆ ಬಳಸುವವರಿಗೆ ಸಿಟ್ಟಾಗುವ ಹಕ್ಕುಂಟೇ ಎಂಬ ಪ್ರಶ್ನೆ ಹಾಗಿರಲಿ, ನೋಡಬೇಕಾದ್ದು ದಂಡನೆಗೆ ಆರಿಸಿಕೊಂಡ ಜಾಗವನ್ನು. ಕೆಲಸ ಕೆಡಿಸದೆ ‘ಇದು ನಿನ್ನದಲ್ಲ’ ಎಂದು ಗಂಟೆಗೊಮ್ಮೆ ನೆನಪಿಸಲು ಅದಕ್ಕಿಂತ ತಕ್ಕ ಜಾಗ ಇರಲಿಲ್ಲ. ರಾಜಕಾರಣಿಗಳಿಗೂ ಈ ಗುಟ್ಟು ಗೊತ್ತು. 2013ರಲ್ಲಿ ಉತ್ತರ ಪ್ರದೇಶ ಸರ್ಕಾರ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪ್‌ಗಳನ್ನು ತೆರೆದರೆ ಪರದೆಯ ಮೇಲೆ ಮುಲಾಯಂ ಸಿಂಗ್ ಯಾದವ್ ಮತ್ತು ಅಖಿಲೇಶ್ ಯಾದವ್ ಅವರ ಚಿತ್ರವಿರುತ್ತಿತ್ತು. ದಾನ ಕೊಟ್ಟವರು ದಾನದ ಮೇಲೆ ಹೆಸರು ಕೆತ್ತಿಸುವುದು ನಮ್ಮಲ್ಲಿ ಹಳೆಯ ರೂಢಿಯೇ ಬಿಡಿ.

ತಡೆ, ದಂಡನೆ ಎರಡೂ ಒರಟು ದಾರಿಗಳು. ಬದಲಿಸಬೇಕೆಂದು ಅನ್ನಿಸದಷ್ಟು ಒಳ್ಳೆಯ ಚಿತ್ರವನ್ನು ಮೊದಲೇ ಹಾಕಿಕೊಡುವುದು ನಯವಾದ ದಾರಿ. 2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡ, ‘ಬ್ಲಿಸ್’, ಈ ಬಗೆಯ ಶ್ರೇಷ್ಠ ಕೃತಿ. ನಮ್ಮೂರುಗಳ ಸೈಬರ್ ಕೆಫೆಗಳಲ್ಲೂ ಡಿಟಿಪಿ ಅಂಗಡಿಗಳಲ್ಲೂ ಕಂಡ ಆ ಗುಡ್ಡವಿರುವುದು ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ. ನ್ಯಾಷನಲ್ ಜಿಯಾಗ್ರಫಿಕ್‌ಗೆ ದುಡಿದಿದ್ದ ಚಾರ್ಲ್ಸ್ ಓರಿಯರ್ 1996ರ ಜನವರಿಯಲ್ಲಿ, ಹೆದ್ದಾರಿಯ ಪಕ್ಕ ಕಾರು ನಿಲ್ಲಿಸಿ, ಬಣ್ಣಗಳನ್ನು ಗಾಢವಾಗಿ ಹಿಡಿಯುವ ವೆಲ್ವಿಯಾ ಫಿಲ್ಮಿನಲ್ಲಿ ಅದನ್ನು ಸೆರೆಹಿಡಿದರು. ಚಿತ್ರದಲ್ಲಿ ಮನುಷ್ಯರಿಲ್ಲ, ಮನೆಯಿಲ್ಲ, ದನಕರುವಿಲ್ಲ, ದಾರಿಯೂ ಇಲ್ಲ. ಫೋಟೋ ಎಂದು ಗೋಡೆಗೆ ತೂಗುಹಾಕಿದರೆ ಎರಡು ನಿಮಿಷದಲ್ಲಿ ಬೇಸರ ಬಂದೀತು. ವಾಲ್‌ಪೇಪರಾಗಿ ನೋಡಿದರೆ ಅದರ ಬಡತನವೇ ಅದರ ಗುಣ: ಎಡಗಡೆ ಸಾಲುಗಟ್ಟುವ ಐಕಾನ್‌ಗಳೊಡನೆ ಜಗಳವಾಡುವಂಥದ್ದು ಅಲ್ಲೇನೂ ಇಲ್ಲ, ಬಿಳಿಯ ಹೆಸರುಪಟ್ಟಿಗಳು ಸಲೀಸಾಗಿ ಓದಿಸಿಕೊಳ್ಳುತ್ತವೆ, ಎಕ್ಸ್‌ಪಿಯ ನೀಲಿ ಟಾಸ್ಕ್‌ಬಾರೂ ಹಸಿರು ಸ್ಟಾರ್ಟ್ ಗುಂಡಿಯೂ ಅದೇ ಆಕಾಶ, ಅದೇ ಹುಲ್ಲಿನ ಮುಂದುವರಿಕೆಯಂತೆ ತೋರುತ್ತವೆ. ತಮಾಷೆಯೆಂದರೆ ಈ ಖಾಲಿತನ ನಿಸರ್ಗದ್ದಲ್ಲ. ಅದು ದ್ರಾಕ್ಷಿ ಬೆಳೆಯುವ ಸೀಮೆ. ಬೇರು ತಿನ್ನುವ ಫಿಲೋಕ್ಸೆರಾ ಕೀಟದ ಕಾಟಕ್ಕೆ ಬಳ್ಳಿಗಳನ್ನು ಕಿತ್ತುಹಾಕಿದ್ದರಿಂದ ಆ ಚಳಿಗಾಲ ಬರೀ ಹುಲ್ಲಿತ್ತು. 2006ರಲ್ಲಿ ಗೋಲ್ಡಿನ್ ಮತ್ತು ಸೆನ್ನೆಬಿ ಎಂಬ ಸ್ವೀಡನ್ನಿನ ಕಲಾವಿದ ಜೋಡಿ ಅದೇ ಜಾಗದ ಚಿತ್ರ ತೆಗೆಯುವ ಹೊತ್ತಿಗೆ ಗುಡ್ಡದ ಮೇಲೆ ಮತ್ತೆ ದ್ರಾಕ್ಷಿ ಬಂದಿತ್ತು. ಒಂದು ಬೆಳೆಯ ರೋಗದಿಂದ ಹುಟ್ಟಿದ ಬಯಲು ಲೋಕಕ್ಕೆಲ್ಲ ನೆಮ್ಮದಿಯ ಚಿತ್ರವಾಯಿತು. ಎಲ್ಲರಿಗೂ ಒಗ್ಗುವ ಚಿತ್ರ ಹೀಗೆಯೇ ಇರಬೇಕಾಗುತ್ತದೆ: ಯಾರ ಊರೂ ಅಲ್ಲದ್ದು, ಯಾರ ಹೊಲವೂ ಅಲ್ಲದ್ದು.

ಇದರ ಪಕ್ಕಕ್ಕೆ ಜನ ತಾವೇ ಹಾಕಿಕೊಂಡ ಚಿತ್ರಗಳನ್ನು ಇಟ್ಟರೆ ಅಭಿರುಚಿಯುಳ್ಳವರು ಮುಖ ಕಿವುಚುತ್ತಾರೆ. ಮಗಳ ಹಣೆಯ ಮೇಲೆ ರೀಸೈಕಲ್ ಬಿನ್ ಕೂತಿರುತ್ತದೆ. ಅಡ್ಡಕ್ಕೆ ಎಳೆದು ಕೂರಿಸಿದ್ದರಿಂದ ಪುನೀತ್ ರಾಜ್‌ಕುಮಾರ್ ಕೆನ್ನೆ ಊದಿದವರಂತೆ ಕಾಣುತ್ತಾರೆ. ಜೋಗದ ನೊರೆಯಲ್ಲಿ ಬಿಳಿ ಅಕ್ಷರಗಳು ಕರಗಿ ಯಾವ ಫೋಲ್ಡರ್ ಯಾವುದೆಂದು ತಿಳಿಯುವುದಿಲ್ಲ. ಆಕ್ಷೇಪ ಸರಿಯಾದದ್ದೇ. ಹಿನ್ನೆಲೆಯಾದದ್ದು ಹಿಂದೆ ಸರಿದು ನಿಲ್ಲಬೇಕು. ಮುಖ, ಅಕ್ಷರ, ನುಣ್ಣನೆಯ ಕೆತ್ತನೆ ಇವೆಲ್ಲ ಮುಂದೆ ಬರಲು ಹವಣಿಸುತ್ತವೆ. ಆದರೆ ಇದು ಕೋಟ್ಯಂತರ ಅಪರಿಚಿತರಿಗಾಗಿ ಚಿತ್ರ ಆರಿಸುವವನ ಅಳತೆಗೋಲು. ತನಗೊಬ್ಬನಿಗೇ ಆರಿಸಿಕೊಳ್ಳುವವನಿಗೆ ಮಗಳ ಹಣೆ ಅರ್ಧ ಮುಚ್ಚಿದರೂ ಮಗಳು ಮಗಳೇ. ಐಕಾನ್‌ಗಳನ್ನು ಬಲಕ್ಕೆ ಎಳೆದಿಟ್ಟರೆ ಆ ತೊಂದರೆಯೂ ಅರ್ಧ ನೀಗುತ್ತದೆ. ಚೆನ್ನಾಗಿ ಕಾಣುವುದು ಒಂದು ಮೌಲ್ಯ, ತನ್ನದಾಗಿರುವುದು ಬೇರೆ ಮೌಲ್ಯ. 1984ರ ಮೊದಲ ಮ್ಯಾಕಿಂಟಾಷ್ ಎರಡನೆಯದಕ್ಕೆ ಕೊಟ್ಟ ಮನ್ನಣೆ ಆಮೇಲೆ ಯಾರೂ ಕೊಡಲಿಲ್ಲವೆಂದು ನನ್ನ ಅಭಿಪ್ರಾಯ. ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಎಂಟಕ್ಕೆ ಎಂಟರ ಒಂದು ಚೌಕವಿತ್ತು. 64 ಚುಕ್ಕಿಗಳಲ್ಲಿ ಬೇಕಾದ್ದನ್ನು ಒತ್ತಿ ಕಪ್ಪೋ ಬಿಳುಪೋ ಮಾಡಿದರೆ ಆ ಮಾದರಿಯೇ ಮತ್ತೆ ಮತ್ತೆ ಮೂಡಿ ಪರದೆಯನ್ನೆಲ್ಲ ತುಂಬುತ್ತಿತ್ತು, ಅಂಗಳದ ಚುಕ್ಕಿ ರಂಗೋಲಿಯ ಹಾಗೆ. ಅಂದಚಂದ ಹೇಗೇ ಇರಲಿ, ಅದು ಆರಿಸಿದ್ದಲ್ಲ, ಮಾಡಿದ್ದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಚಿತ್ರ ಬದಲಿಸಲು ಬಿಟ್ಟು, ಒಳಗಿನದನ್ನೆಲ್ಲ ಬೀಗ ಹಾಕಿಟ್ಟು, ಸ್ವಾತಂತ್ರ್ಯದ ಭ್ರಮೆ ಹುಟ್ಟಿಸುತ್ತಾರೆ. ಯಾವ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬುದು ಕೈಯಲ್ಲಿಲ್ಲದವನಿಗೆ ಗೋಡೆಯ ಬಣ್ಣ ಕಟ್ಟಿಕೊಂಡು ಏನಾಗಬೇಕು ಎನ್ನುತ್ತಾರೆ. ಭ್ರಮೆ ಹುಟ್ಟುತ್ತದೆ, ನಿಜ. ಆದರೆ ಬರೀ ಭ್ರಮೆಯಾಗಿದ್ದರೆ ಅದನ್ನು ಧಾರಾಳವಾಗಿ ಎಲ್ಲರಿಗೂ ಹಂಚುತ್ತಿದ್ದರು, ಬಡ ಆವೃತ್ತಿಯಿಂದ ಕಿತ್ತುಕೊಳ್ಳುತ್ತಿರಲಿಲ್ಲ. ವಿಂಡೋಸ್ 10ರಲ್ಲೂ ಆ್ಯಕ್ಟಿವೇಟ್ ಮಾಡದಿದ್ದರೆ ಪರ್ಸನಲೈಸೇಷನ್ ಪುಟ ಮಂಕಾಗಿ ಕೈಗೆ ಸಿಗದಂತಾಗುತ್ತದೆ. (ಫೋಟೋದ ಮೇಲೆ ರೈಟ್ ಕ್ಲಿಕ್ ಮಾಡಿ ಹಿನ್ನೆಲೆಗೆ ಹಾಕುವ ಹಿತ್ತಿಲ ಬಾಗಿಲು ತೆರೆದೇ ಇದೆಯೆಂಬುದು ಬೇರೆ ಮಾತು.) ಇನ್ನು ಕಚೇರಿಗಳು ಲಾಂಛನವುಳ್ಳ ಒಂದೇ ಚಿತ್ರ ಕೂರಿಸಿ ಬೀಗ ಹಾಕುವುದು: ಯಂತ್ರ ಕಚೇರಿಯದು, ಗೋಡೆಯೂ ಕಚೇರಿಯದು. ಅದರಲ್ಲಿ ಅನ್ಯಾಯವಿಲ್ಲ, ನನ್ನ ವಾದಕ್ಕೆ ವಿರೋಧವೂ ಇಲ್ಲ.

ಈಗಿನ ದಾರಿ ಇವೆಲ್ಲಕ್ಕಿಂತ ನಯವಾದದ್ದು. ವಿಂಡೋಸ್ 11ರ ಸ್ಪಾಟ್‌ಲೈಟ್‌ಗೆ ಒಪ್ಪಿದರೆ ಹಿನ್ನೆಲೆಯ ಚಿತ್ರ ತಾನಾಗಿ ಬದಲಾಗುತ್ತಿರುತ್ತದೆ: ಇಂದು ಹಿಮಗಡ್ಡೆ, ನಾಳೆ ಮರಳುಗಾಡು, ನಾಡಿದ್ದು ಯಾವುದೋ ದ್ವೀಪದ ದಂಡೆ. ಚಿತ್ರಗಳ ಗುಣಮಟ್ಟಕ್ಕೆ ಹೆಸರಿಡುವಂತಿಲ್ಲ. ನಾವು ಹುಡುಕಿದರೂ ಅಂಥವು ಸಿಗುವುದು ಕಷ್ಟ. ಜೊತೆಗೆ ಪರದೆಯ ಮೇಲೆ ಇನ್ನೊಂದು ಐಕಾನ್ ಬಂದು ಕೂರುತ್ತದೆ, ಈ ಚಿತ್ರದ ಬಗ್ಗೆ ತಿಳಿಯಿರಿ ಎನ್ನುವಂಥದ್ದು. ಒತ್ತಿದರೆ ಕಂಪನಿಯದೇ ಹುಡುಕುತಾಣಕ್ಕೆ ಕರೆದೊಯ್ಯುತ್ತದೆ. ಬೇರೆ ಐಕಾನ್‌ಗಳಂತೆ ಡಿಲೀಟ್ ಒತ್ತಿದರೆ ಹೋಗುವಂಥದ್ದಲ್ಲ ಅದು. ಬ್ಲಿಸ್ ಒಮ್ಮೆ ಬಂದು ಸುಮ್ಮನೆ ಕೂತಿತ್ತು, ಬೇಡವೆಂದವರಿಗೆ ಜಾಗ ಬಿಟ್ಟುಕೊಡುತ್ತಿತ್ತು, ತನ್ನ ಕಡೆ ನೋಡೆಂದು ಯಾರನ್ನೂ ಕೇಳುತ್ತಿರಲಿಲ್ಲ. ಸ್ಪಾಟ್‌ಲೈಟ್ ಕೇಳುತ್ತದೆ, ಹಿಂದೆ ಸರಿದು ನಿಲ್ಲುವ ಗುಣವನ್ನೂ ಅದು ಕಳೆದುಕೊಂಡಿದೆ, ಬದಲಿಸುವ ಕೆಲಸವನ್ನೂ ನಮ್ಮಿಂದ ತೆಗೆದುಕೊಂಡಿದೆ. ಎಷ್ಟೇ ಚಂದವಿದ್ದರೂ ಅದನ್ನು ಬ್ಲಿಸ್‌ಗಿಂತ ಕೆಳಗೆ ಇಡುತ್ತೇನೆ, ಕೆನ್ನೆ ಊದಿದ ಪುನೀತನಿಗಿಂತಲೂ ಕೆಳಗೆ.